ಹೊಸ ಟೈರ್‌ಗೆ ಬ್ಯಾಲೆನ್ಸಿಂಗ್ ಬೇಕಾ? ಮನೆ ಗುಂಪಿನಲ್ಲಿ ನಡೆದ ಚರ್ಚೆ

ದಾವಣಗೆರೆ ಮಾವ, ಫಾರ್ವರ್ಡ್: ಎಚ್ಚರಿಕೆ!! ಹೊಸ ಟೈರ್ ಫ್ಯಾಕ್ಟರಿಯಿಂದಲೇ ಬ್ಯಾಲೆನ್ಸ್ ಆಗಿ ಬರುತ್ತದೆ. ಬ್ಯಾಲೆನ್ಸಿಂಗ್ ಹೆಸರಲ್ಲಿ ಅಂಗಡಿಯವರು ದುಡ್ಡು ಕೀಳುತ್ತಾರೆ. ಬೇಡ ಅನ್ನಿ. ಎಲ್ಲ ಗುಂಪಿಗೂ ಕಳಿಸಿ.

ದಾವಣಗೆರೆ ಮಾವ: ಸರಿಯಾದ ಹೊತ್ತಿಗೆ ಬಂತು ನೋಡ್ರಪ್ಪಾ. ನಾಳೆ ಪಿ.ಬಿ. ರಸ್ತೆಯಲ್ಲಿ ಮುಂದಿನ ಎರಡು ಟೈರ್ ಹೊಸದು ಹಾಕಿಸುತ್ತಿದ್ದೇನೆ. ಭಾನುವಾರ ಅಮ್ಮನನ್ನು ಕರೆದುಕೊಂಡು ಬೆಂಗಳೂರಿಗೆ ಹೊರಡಬೇಕು.

ಹರಿಹರ ಭಾವ: ಒಳ್ಳೆ ಮಾಹಿತಿ ಮಾವ 🙏

ನಾನು: ಮಾವ, ಇದು ಪೂರ್ತಿ ತಪ್ಪು. ದಯವಿಟ್ಟು ಬೇಡ ಅನ್ನಬೇಡಿ. ಫ್ಯಾಕ್ಟರಿಯಿಂದ ಬರುವುದು ಟೈರ್ ಮಾತ್ರ. ಬ್ಯಾಲೆನ್ಸ್ ಮಾಡುವುದು ಚಕ್ರವನ್ನು. ಅಂದರೆ ಟೈರ್, ರಿಮ್, ವಾಲ್ವ್ ಮೂರೂ ಸೇರಿದ್ದನ್ನು. ನಿಮ್ಮ ಕಾರಿನ ರಿಮ್ ಟೈರ್ ಕಂಪನಿಗೆ ಹೋಗಿ ಬಂದಿಲ್ಲ ಅಲ್ವಾ?

ಹರಿಹರ ಭಾವ: ಆದರೂ ಹೊಸ ಟೈರ್ ಒಂದೇ ಸಮ ಇರುತ್ತದಲ್ಲ?

ನಾನು: ಇರಲ್ಲ ಭಾವ. ಕೆಲವು ಟೈರ್‌ಗಳ ಪಕ್ಕದಲ್ಲಿ ಒಂದು ಹಳದಿ ಚುಕ್ಕೆ ಇರುತ್ತದೆ, ನೋಡಿರಬಹುದು. ಇಲ್ಲಿ ಟೈರ್ ಹಗುರ ಇದೆ ಅಂತ ಕಂಪನಿಯೇ ಇಡುವ ಗುರುತು ಅದು. ರಿಮ್‌ನಲ್ಲಿ ವಾಲ್ವ್ ಇರುವ ಕಡೆ ತುಸು ಭಾರ. ಹಾಗಾಗಿ ಕೂರಿಸುವಾಗ ಆ ಚುಕ್ಕೆಯನ್ನು ವಾಲ್ವ್ ಪಕ್ಕಕ್ಕೆ ತರಬೇಕು. ಅದಾದ ಮೇಲೂ ಒಂದಿಷ್ಟು ಗ್ರಾಂ ವ್ಯತ್ಯಾಸ ಉಳಿಯುತ್ತದೆ. ಅದಕ್ಕೇ ತೂಕ ಅಂಟಿಸುವುದು.

ದೊಡ್ಡಪ್ಪ: ಒಂದು 30 ಗ್ರಾಂ ಆಚೀಚೆ ಆದರೆ ಏನಾಗುತ್ತದಪ್ಪಾ. ನಮ್ಮ ಕಾಲದಲ್ಲಿ ಯಾರು ಮಾಡಿಸುತ್ತಿದ್ದರು.

ನಾನು: ದೊಡ್ಡಪ್ಪ, ನಿಮ್ಮ ಕಾಲದಲ್ಲಿ ಬೆಂಗಳೂರಿನ ರಸ್ತೆಯಲ್ಲಿ 50, 60ರ ಮೇಲೆ ಓಡಿಸುವುದೇ ಕಷ್ಟ ಇತ್ತು. ಈಗ ಅದು ಆರು ಪಥದ 48ನೇ ಹೆದ್ದಾರಿ. ಆನಗೋಡು ದಾಟಿದರೆ 100ರಲ್ಲಿ ಹೋಗುತ್ತೀವಿ. ಲೆಕ್ಕ ಹಾಕಿ ಹೇಳುತ್ತೇನೆ. 14 ಇಂಚಿನ ರಿಮ್‌ನ ಅಂಚಿನಲ್ಲಿ 30 ಗ್ರಾಂ ಹೆಚ್ಚು ಇದ್ದರೆ, 100 ಕಿ.ಮೀ. ವೇಗದಲ್ಲಿ ಅದು ಹೆಚ್ಚು ಕಡಿಮೆ 5 ಕೆಜಿ ಭಾರದಷ್ಟು ಜೋರಾಗಿ ಚಕ್ರವನ್ನು ಎಳೆಯುತ್ತದೆ. ಚಕ್ರ ಸೆಕೆಂಡಿಗೆ 15 ಸುತ್ತು ಸುತ್ತುತ್ತದೆ. ಅಷ್ಟು ಸಲವೂ ಆ ಎಳೆತ ಬೇರಿಂಗ್‌ಗೆ, ಸಸ್ಪೆನ್ಷನ್‌ಗೆ ಬೀಳುತ್ತದೆ. ಊರೊಳಗೆ ಇದು ಗೊತ್ತೇ ಆಗಲ್ಲ. 80 ದಾಟಿದ ಮೇಲೆ ಸ್ಟೀರಿಂಗ್ ನಡುಗಲು ಶುರುವಾಗುತ್ತದೆ. ಹಿಂದಿನ ಚಕ್ರವಾದರೆ ಸೀಟು ನಡುಗುತ್ತದೆ. ಅಜ್ಜಿ ಹಿಂದಿನ ಸೀಟಲ್ಲಿ ಅಷ್ಟು ದೂರ ಕೂತು ಬರಬೇಕು.

ಹರಿಹರ ಭಾವ: ಮಾವ ಹೋದ ತಿಂಗಳು ಅಲೈನ್‌ಮೆಂಟ್ ಮಾಡಿಸಿದ್ದಾರಲ್ಲ. ಸಾಕಲ್ವಾ?

ನಾನು: ಅದು ಬೇರೆ, ಇದು ಬೇರೆ. ಚಕ್ರಗಳು ನೆಟ್ಟಗೆ ನಿಂತಿವೆಯಾ, ಯಾವ ಕಡೆ ತಿರುಗಿವೆ ಅಂತ ನೋಡುವುದು ಅಲೈನ್‌ಮೆಂಟ್. ಅದು ಕೆಟ್ಟರೆ ಕಾರು ಒಂದು ಕಡೆಗೆ ಎಳೆಯಬಹುದು, ಟೈರ್ ಒಂದೇ ಅಂಚಲ್ಲಿ ಸವೆಯಬಹುದು. ಚಕ್ರದ ಭಾರ ಸುತ್ತಲೂ ಸಮ ಇದೆಯಾ ಅನ್ನುವುದು ಬ್ಯಾಲೆನ್ಸಿಂಗ್.

ಚಳ್ಳಕೆರೆ ಅಕ್ಕ: ಮಾಡಿಸಿದರೂ ಸರಿಯಾಗಿ ಮಾಡಿದ್ದಾರಾ ಅಂತ ನಮಗೆ ಹೇಗೆ ಗೊತ್ತಾಗಬೇಕು? ನಾನು ಹೋದರೆ ಟೀ ಕುಡಿದು ಬನ್ನಿ ಮೇಡಂ ಅಂತಾರೆ.

ನಾನು: ಹೋಗಲೇಬೇಡ ಅಕ್ಕ, ಪಕ್ಕದಲ್ಲೇ ನಿಂತುಕೋ. ಮೊದಲು ರಿಮ್‌ಗೆ ಮೆತ್ತಿದ ಮಣ್ಣು, ಹಳೇ ತೂಕ ಎಲ್ಲ ತೆಗೆಯಬೇಕು. ಒಣಗಿದ ಮಣ್ಣಿನ ಹೆಂಟೆ ಒಳಗೆ ಉಳಿದರೆ ಮಷಿನ್ ಅದನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಚಕ್ರವನ್ನು ಶಾಫ್ಟ್‌ಗೆ ಹಾಕಿ, ನಡುವಿನ ತೂತಿಗೆ ಕೋನ್ ಕೊಟ್ಟು ಬಿಗಿ ಮಾಡುತ್ತಾರೆ. ರಿಮ್‌ನ ಅಳತೆಗಳನ್ನು ಮಷಿನ್‌ಗೆ ಕೊಡುತ್ತಾರೆ. ಅಳತೆ ತಪ್ಪಿದರೆ ಉತ್ತರವೂ ತಪ್ಪು. ತಿರುಗಿಸಿದಾಗ ಒಳಗಡೆಗೆ 20, ಹೊರಗಡೆಗೆ 35 ಅಂತ ಎರಡು ಅಂಕಿ ಬರುತ್ತವೆ. ಅಷ್ಟು ತೂಕ ಹಾಕಿ ಮತ್ತೆ ತಿರುಗಿಸಬೇಕು, ಎರಡೂ ಕಡೆ ಸೊನ್ನೆ ಬರಬೇಕು. ಎರಡನೇ ಸಲ ತಿರುಗಿಸದೆ ಇಳಿಸಿದರೆ ಕೇಳು. ಅನುಮಾನ ಇದ್ದರೆ ಚಕ್ರವನ್ನು ಸಡಿಲ ಮಾಡಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ನೋಡಿ ಅನ್ನು. ಆಗ ಸೊನ್ನೆ ಹೋಗಿ ದೊಡ್ಡ ಅಂಕಿ ಬಂದರೆ ಚಕ್ರ ನಡುವಿಗೆ ಸರಿಯಾಗಿ ಕೂತಿರಲಿಲ್ಲ ಅಂತ ಅರ್ಥ. ತೂಕ ತೀರಾ ಜಾಸ್ತಿ ಕೇಳಿದರೆ ಸುಮ್ನೆ ಸಾಲಾಗಿ ಅಂಟಿಸುತ್ತಾ ಹೋಗಲು ಬಿಡಬಾರದು. ಗಾಳಿ ಬಿಟ್ಟು ಟೈರನ್ನು ರಿಮ್ ಮೇಲೆ ಅರ್ಧ ಸುತ್ತು ಸರಿಸಿದರೆ ಎಷ್ಟೋ ಸಲ ಇಳಿಯುತ್ತದೆ.

ಚಳ್ಳಕೆರೆ ಅಕ್ಕ: ಇದನ್ನ ಸ್ಟಾರ್ ಹಾಕಿ ಇಟ್ಟುಕೊಂಡೆ.

ನಾನು: ಮಾವ, ಇನ್ನೊಂದು ಮಾತು. ಎರಡೇ ಹೊಸದು ಹಾಕಿಸುವುದಾದರೆ ಅವು ಹಿಂದಕ್ಕೆ ಹೋಗಲಿ. ಹಿಂದಿರುವವು ಮುಂದಕ್ಕೆ ಬರಲಿ.

ದೊಡ್ಡಪ್ಪ: ಇದೊಳ್ಳೆ ಕತೆ ಆಯ್ತಲ್ಲ! ಇಂಜಿನ್ ಮುಂದೆ, ಸ್ಟೀರಿಂಗ್ ಮುಂದೆ, ಹೊಸ ಟೈರ್ ಹಿಂದಾ?

ದಾವಣಗೆರೆ ಮಾವ: ಇದನ್ನು ನಾನೂ ಒಪ್ಪಲ್ಲ ಕಣೋ. ಸವೆಯುವುದೇ ಮುಂದಿನವು.

ನಾನು: ಬೇಗ ಸವೆಯುವುದು ಮುಂದಿನವೇ, ನಿಜ. ಆದರೆ ಮಳೆಯಲ್ಲಿ ಏನಾಗುತ್ತದೆ ನೋಡಿ. ಮುಂದಿನ ಚಕ್ರ ನೀರಿನ ಮೇಲೆ ಜಾರಿದರೆ ಸ್ಟೀರಿಂಗ್ ಹಗುರ ಆಗುತ್ತದೆ, ನಮಗೆ ತಿಳಿಯುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಹಿಡಿತ ವಾಪಸ್ ಬರಬಹುದು. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಎಷ್ಟು ಪಳಗಿದ ಕೈಯಾದರೂ ಸಂಭಾಳಿಸುವುದು ಕಷ್ಟ. ಮಿಶೆಲಿನ್‌ನಂಥ ಟೈರ್ ಕಂಪನಿಗಳೇ ಹೊಸದನ್ನು ಹಿಂದೆ ಹಾಕಿ ಅನ್ನುತ್ತವೆ. ಮುಂದಕ್ಕೆ ಬರುವ ಹಳೇ ಟೈರ್‌ನ ಗಾಡಿ ಮಾತ್ರ ಚೆನ್ನಾಗಿ ಉಳಿದಿರಬೇಕು. 1.6 ಮಿ.ಮೀ.ಗೆ ಇಳಿದಿದ್ದರೆ ಅವನ್ನೂ ಬದಲಿಸಲೇಬೇಕು.

ಹರಿಹರ ಭಾವ: ಟೈರ್‌ನ ಗಾಡಿ ಅಂದರೆ?

ನಾನು: ಟೈರ್ ಮೇಲಿನ ಕೊರೆದ ಗೆರೆಗಳು ಭಾವ, ಗ್ರೂವ್. ಅವುಗಳ ಆಳ.

ದೊಡ್ಡಪ್ಪ: ನಾನಂತೂ ನಂಬಲ್ಲ.

ದಾವಣಗೆರೆ ಮಾವ: ನಾಲ್ಕೂ ಚಕ್ರಕ್ಕೆ ಬ್ಯಾಲೆನ್ಸಿಂಗ್ ಮಾಡಿಸುತ್ತೇನೆ, ಅದು ಖಂಡಿತ. ಹಿಂದೆ ಮುಂದೆ ವಿಷಯ ಅಂಗಡಿಯಲ್ಲೂ ಒಂದು ಮಾತು ಕೇಳುತ್ತೇನೆ.

ನಾನು: ಕೇಳಿ ಮಾವ. ಅವರು ಮುಂದೆ ಅಂದರೂ ನೀವು ಹಿಂದಕ್ಕೇ ಹಾಕಿಸಿ. ವಾಲ್ವ್ ಎರಡೂ ಹೊಸದಿರಲಿ. ಟೈರ್ ಮೇಲೆ DOT ಅಂತ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ 4 ಅಂಕಿ ನೋಡಿ. 2324 ಅಂತ ಇದ್ದರೆ 2024ರ 23ನೇ ವಾರ ತಯಾರಾದದ್ದು. ಬಾಣದ ಗುರುತಿದ್ದರೆ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೇ ಇರಬೇಕು. ನಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಲಿ, ಆಮೇಲೆ ಎದುರುಬದುರಾಗಿ ಬಿಗಿಯಲಿ. ಗನ್ ಇಟ್ಟು ಒಂದೇ ಸಮ ಬಿಗಿಯುವುದು ಬೇಡ.

ದಾವಣಗೆರೆ ಮಾವ: ಆಯ್ತು. ಗಾಳಿ?

ನಾನು: ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟೇ. ಭಾನುವಾರ ಹೇಗೂ ದುರ್ಗದ ಮೇಲೇ ಹೋಗುತ್ತೀರಲ್ಲ, ತಿಂಡಿಗೆ ನಮ್ಮ ಮನೆಗೇ ಬನ್ನಿ. ಅಷ್ಟು ಹೊತ್ತಿಗೆ 60 ಕಿ.ಮೀ. ಓಡಿರುತ್ತದೆ. ಟಾರ್ಕ್ ಪಾನಾ ತಂದಿಟ್ಟಿರುತ್ತೇನೆ, ಚಕ್ರ ಆರಿದ ಮೇಲೆ ನಟ್ ಎಲ್ಲ ಇನ್ನೊಂದು ಸಲ ನೋಡಿಬಿಡೋಣ. ಕಾರಿನ ಜೊತೆ ಕೊಟ್ಟ ಪುಸ್ತಕ ಮರೆಯದೆ ತನ್ನಿ, ಎಷ್ಟು ಬಿಗಿ ಇರಬೇಕು ಅಂತ ಅದರಲ್ಲಿದೆ.