ನಾಸ್ತಿಕತೆ, ಸೆಕ್ಯುಲರ್ ಇವೆಲ್ಲ ಧರ್ಮವಾ? ಮಗಳ ಶಾಲೆಯ ಫಾರ್ಮ್‌ನಲ್ಲಿ ಎಂತ ಬರೆಯುವುದು?

ಕುದ್ರೋಳಿ ಹುಡುಗ:
ಎಲ್ಲರಿಗೂ ನಮಸ್ಕಾರ. ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಬೇಕು. ಫಾರ್ಮ್‌ನಲ್ಲಿ ಹೆಸರು, ಹುಟ್ಟಿದ ದಿನ ಆದ ಕೂಡಲೇ ಧರ್ಮ, ಜಾತಿ ಅಂತ ಎರಡು ಕಾಲಮ್ ಉಂಟು. ನಾನು ಬಿಲ್ಲವ, ಹೆಂಡತಿ ಕ್ಯಾಥೊಲಿಕ್. ನಮ್ಮದು ರಿಜಿಸ್ಟರ್ ಮದುವೆ. ಇಬ್ಬರಿಗೂ ದೇವರ ಮೇಲೆ ನಂಬಿಕೆ ಇಲ್ಲ, ಆದರೆ ಮನೆಯವರು ಬೇಕು, ಹಾಗಾಗಿ ಕುದ್ರೋಳಿ ದಸರಾಕ್ಕೂ ಹೋಗುತ್ತೇವೆ, ಮೊಂತಿ ಫೆಸ್ತ್ ದಿನ ಅತ್ತೆ ಮನೆಯ ಹೊಸ ಅಕ್ಕಿ ಊಟವನ್ನೂ ಬಿಡುವುದಿಲ್ಲ.

ಕಾಲಮ್ ಖಾಲಿ ಬಿಟ್ಟು ಕೊಟ್ಟೆ. "ಏನಾದರೂ ಒಂದು ಬರೆಯಿರಿ" ಅಂತ ಆಫೀಸಿನವರು ವಾಪಸ್ ಕೊಟ್ಟರು. ಮನೆಗೆ ಬಂದು ಹೇಳಿದರೆ ದೊಡ್ಡ ಚರ್ಚೆ. ಅಮ್ಮನ ಅಣ್ಣ, ನಮ್ಮ ಮಾವ, ಹೇಳುವುದು: "ದೇವರಿಲ್ಲ ಅಂತ ಅಷ್ಟು ಗಟ್ಟಿಯಾಗಿ ನಂಬುತ್ತೀಯಲ್ಲ, ಅದೂ ಒಂದು ಧರ್ಮವೇ. ನಾಸ್ತಿಕ ಅಂತ ಬರಿ, ಮುಗೀತು." ತಮ್ಮ ಹೇಳುವುದು, ಸೆಕ್ಯುಲರ್ ಅಂತ ಬರಿ, ಸಂವಿಧಾನದಲ್ಲೇ ಉಂಟಲ್ಲ ಅಂತ. ಎರಡೂ ನನಗೆ ಸರಿ ಕಾಣಲಿಲ್ಲ. ಆದರೆ ಯಾಕೆ ಸರಿಯಲ್ಲ ಅಂತ ಬಿಡಿಸಿ ಹೇಳಲಿಕ್ಕೂ ಬರಲಿಲ್ಲ. ಸುಮ್ನೆ ಮಂಡೆಬಿಸಿ. ಗೊತ್ತಿದ್ದವರು ಹೇಳಿ.

ಕಡಿಯಾಳಿ ವಕೀಲ:
ನಿಮ್ಮ ತಮ್ಮನದ್ದು ಮೊದಲು ಮುಗಿಸುತ್ತೇನೆ, ಅದು ಸುಲಭ. ಸೆಕ್ಯುಲರ್ ಆಗಿರಬೇಕಾದ್ದು ಸರಕಾರ. ಕಂಬಳದ ತೀರ್ಪುಗಾರ ತನ್ನ ಕೋಣ ಇಳಿಸಬಾರದು, ಅಷ್ಟೇ ವಿಷಯ. ಯಾವುದೋ ಒಂದು ಧರ್ಮವನ್ನು ಬೆಳೆಸಲಿಕ್ಕೆ ಅಂತ ಜನರ ಮೇಲೆ ತೆರಿಗೆ ಹಾಕಬಾರದು, ಇದು 27ನೇ ವಿಧಿ. ಪೂರ್ತಿ ಸರಕಾರಿ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇರಬಾರದು, ಇದು 28. ಪೀಠಿಕೆಗೆ ಆ ಶಬ್ದ ಬಂದದ್ದು 1976ರ 42ನೇ ತಿದ್ದುಪಡಿಯಲ್ಲಿ, ಆದರೆ ಈ ವಿಧಿಗಳು ಮೊದಲಿನಿಂದಲೂ ಇದ್ದವು. ದಿನಾ ಮೂರು ಹೊತ್ತು ಪೂಜೆ ಮಾಡುವವರೂ ಇದನ್ನು ಒಪ್ಪಬಹುದು, ದೇವರನ್ನು ನಂಬದವರು ಒಪ್ಪದೇ ಇರಬಹುದು.

ನಿಮ್ಮ ಮಾವನ ಮಾತು ಮಾತ್ರ ಅಷ್ಟು ಬೇಗ ತಳ್ಳಿಹಾಕುವಂಥದ್ದಲ್ಲ. ದೇವರನ್ನು ನಂಬದಿದ್ದರೂ ಧರ್ಮ ಇರಬಹುದು ಅಂತ ಸುಪ್ರೀಂ ಕೋರ್ಟೇ ಹೇಳಿದೆ, ಅದೂ ನಮ್ಮ ಉಡುಪಿಯ ಕೇಸಿನಲ್ಲಿ. 1954ರ ಶಿರೂರು ಮಠದ ತೀರ್ಪು. ಆಗ ನಾವು ಮದ್ರಾಸ್ ರಾಜ್ಯದಲ್ಲಿದ್ದೆವು. ಪರ್ಯಾಯದ, ಅಂದರೆ ಕೃಷ್ಣ ಮಠದ ಪೂಜೆಯ ಸರದಿಯ ಖರ್ಚಿನಿಂದ ಮಠಕ್ಕೆ ಸಾಲ ಆಗಿತ್ತು. ದೇವಸ್ಥಾನ, ಮಠಗಳ ಮೇಲುಸ್ತುವಾರಿಯ ಮದ್ರಾಸಿನ ಎಂಡೋಮೆಂಟ್ ಬೋರ್ಡ್ ಆಡಳಿತಕ್ಕೆ ಕೈ ಹಾಕಿತು, ಸ್ವಾಮಿಗಳು ಕೋರ್ಟಿಗೆ ಹೋದರು. ಹೀಗೆ ಮಠದ ಲೆಕ್ಕಪತ್ರದ ಜಗಳದಲ್ಲಿ ಧರ್ಮ ಅಂದರೆ ಏನು ಅನ್ನುವುದನ್ನು ನ್ಯಾಯಮೂರ್ತಿಗಳು ತೀರ್ಮಾನಿಸಬೇಕಾಯಿತು. ಬೌದ್ಧ, ಜೈನ ಧರ್ಮಗಳು ದೇವರನ್ನು ಒಪ್ಪುವುದಿಲ್ಲ, ಆದರೂ ಅವು ಧರ್ಮಗಳೇ ಅಂದರು.

ಆದರೆ ಮಾವನಿಗೆ ಅದೇ ತೀರ್ಪಿನ ಉಳಿದ ಭಾಗವನ್ನೂ ಓದಿ ಹೇಳಿ. ಧರ್ಮಕ್ಕೆ ನಂಬಿಕೆ, ತತ್ವಗಳ ಒಂದು ಕಟ್ಟು ಇರುತ್ತದೆ, ಅದರಿಂದ ತಮ್ಮ ಆತ್ಮಕ್ಕೆ ಒಳ್ಳೆಯದಾಗುತ್ತದೆ ಅಂತ ಅನುಸರಿಸುವವರು ತಿಳಿದಿರುತ್ತಾರೆ, ಪೂಜೆ, ಆಚರಣೆ, ಊಟ ಮತ್ತು ಬಟ್ಟೆಯ ನಿಯಮ ಕೂಡ ಅದರ ಭಾಗ ಆಗಬಹುದು. ಇದರಲ್ಲಿ ನಿಮ್ಮ ಹತ್ತಿರ ಎಂತ ಉಂಟು? ಹೊಸ ಅಕ್ಕಿ ಊಟ ಲೆಕ್ಕಕ್ಕಿಲ್ಲ.

ಮೂಡುಬಿದಿರೆಯವ:
ಜೈನರನ್ನು ದಯವಿಟ್ಟು ನಾಸ್ತಿಕರ ಸಾಲಿಗೆ ಸೇರಿಸಬೇಡಿ ಮಾರಾಯ್ರೆ. ಪ್ರಪಂಚ ಸೃಷ್ಟಿ ಮಾಡಿದ ದೇವರಿಲ್ಲ, ಸರಿ. ಆದರೆ ಕರ್ಮ ಉಂಟು, ಮೋಕ್ಷ ಉಂಟು, ತೀರ್ಥಂಕರರು, ಬಸದಿ, ಮುನಿಗಳು, ಉಪವಾಸ ಎಲ್ಲ ಉಂಟು. ನಮ್ಮ ಅಜ್ಜಿ ಸೂರ್ಯ ಮುಳುಗಿದ ಮೇಲೆ ಒಂದು ಅಗುಳು ಬಾಯಿಗೆ ಹಾಕುತ್ತಿರಲಿಲ್ಲ. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ, ಈಗಲೂ ಮಸ್ತಕಾಭಿಷೇಕಕ್ಕೆ ಜನ ಸೇರುತ್ತಾರೆ. ದೇವರಿಲ್ಲ ಅನ್ನುವ ಒಂದೇ ವಾಕ್ಯಕ್ಕೆ ಇಷ್ಟೆಲ್ಲ ಬರುವುದಿಲ್ಲ.

ಮಲ್ಪೆ ಬಂದರು:
ನಾನು ಮಾವನ ಪರ. ವಿಚಾರವಾದಿಗಳ ಒಂದು ಸಭೆಗೆ ಹೋಗಿದ್ದೆ. ವೇದಿಕೆಯಲ್ಲಿ ಹಿರಿಯರ ಫೋಟೊ, ಅದಕ್ಕೆ ಹೂವು, ನಾವು ಮಾತ್ರ ಕಣ್ಣು ತೆರೆದವರು ಅನ್ನುವ ಭಾಷಣ, ಪ್ರಶ್ನೆ ಕೇಳಿದವನ ಕಡೆ ಒಂದು ನೋಟ. ಇದು ಧರ್ಮ ಅಲ್ಲದೆ ಎಂತ?

ಹಾಗೆ ಕರೆದರೆ ನಷ್ಟ ಏನು? ಲಾಭವೇ ಜಾಸ್ತಿ. ನಾರ್ವೆಯಲ್ಲಿ ದೇವರನ್ನು ನಂಬದ ಮಾನವತಾವಾದಿಗಳ ಸಂಘಕ್ಕೂ ಸದಸ್ಯರ ಲೆಕ್ಕದಲ್ಲಿ ಸರಕಾರದ ದುಡ್ಡು ಸಿಗುತ್ತದೆ, ಧಾರ್ಮಿಕ ಸಂಸ್ಥೆಗಳಿಗೆ ಸಿಗುವ ಹಾಗೆ. ಅಮೆರಿಕದಲ್ಲಿ ಒಬ್ಬ ಕೈದಿ ಜೈಲಿನಲ್ಲಿ ನಾಸ್ತಿಕರ ಅಧ್ಯಯನ ಗುಂಪು ಬೇಕು ಅಂತ ಕೇಸು ಹಾಕಿದ್ದ. 2005ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್, ಸಂವಿಧಾನದ ರಕ್ಷಣೆಯ ಮಟ್ಟಿಗೆ ನಾಸ್ತಿಕತೆಯನ್ನೂ ಧರ್ಮ ಅಂತಲೇ ನೋಡಬೇಕು ಅಂದಿತು. ಒಂದು ಹೆಸರು, ಒಂದು ಕಾಲಮ್ ಇದ್ದರೆ ಹಕ್ಕು ಕೇಳಬಹುದು ಅಲ್ವಾ?

ಬಂಟ್ವಾಳ ಲೋಕಲ್:
ನಷ್ಟ ಏನು ಅಂತ ಕೇಳಿದಿರಲ್ಲ, ನಾನು ಹೇಳುತ್ತೇನೆ. ನಾನು ಪರಿಶಿಷ್ಟ ಜಾತಿಯವನು. ದೇವರನ್ನು ನಂಬುವುದಿಲ್ಲ. ಪರಿಶಿಷ್ಟ ಜಾತಿಗಳ ಬಗ್ಗೆ 1950ರ ರಾಷ್ಟ್ರಪತಿ ಆದೇಶದಲ್ಲಿ, ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮ ಪಾಲಿಸುವವರು ಈ ಪಟ್ಟಿಗೆ ಸೇರುವುದಿಲ್ಲ ಅಂತ ಉಂಟು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಅಷ್ಟೇ. ನಾಳೆ ನೀವೆಲ್ಲ ಸೇರಿ ನಾಸ್ತಿಕತೆಯನ್ನು ಒಂದು ಧರ್ಮ ಮಾಡಿದರೆ, ಕಾಗದದಲ್ಲಿ ನಾನು ಬೇರೆ ಧರ್ಮಕ್ಕೆ ಹೋದವನು. ಅದು ಧರ್ಮ ಅಲ್ಲ, ಬರೀ ನಂಬಿಕೆ ಇಲ್ಲದಿರುವುದು ಅಂತಾದರೆ ಆ ಸಾಲು ನನಗೆ ತಾಗುವುದಿಲ್ಲ ಅಂತ ವಾದ ಮಾಡಲಿಕ್ಕಾದರೂ ಜಾಗ ಉಂಟು.

ತಮಿಳುನಾಡಿನ ತಿರುಪತ್ತೂರಿನ ವಕೀಲೆಯೊಬ್ಬರು 2019ರಲ್ಲಿ ಜಾತಿ ಇಲ್ಲ, ಧರ್ಮ ಇಲ್ಲ ಅಂತ ಸರ್ಟಿಫಿಕೇಟ್ ಪಡೆದಾಗ ನನಗೂ ಖುಷಿ ಆಗಿತ್ತು. ಆದರೆ ಕಾಲೇಜು ಸೀಟು, ಸ್ಕಾಲರ್‌ಶಿಪ್, ಹಾಸ್ಟೆಲ್ ಎಲ್ಲ ಜಾತಿ ಸರ್ಟಿಫಿಕೇಟ್ ಅನ್ನುವ ಒಂದು ಹಾಳೆಯ ಮೇಲೆ ನಿಂತ ಮನೆಯಲ್ಲಿ ಹಾಗೆ ಮಾಡಲಿಕ್ಕೆ ಆಗುವುದಿಲ್ಲ. ನಿಮ್ಮ ಸಭೆಯ ಫೋಟೊ, ಹೂವು ಎಲ್ಲ ಇರಲಿ, ನನಗೆ ಅದರ ಬಗ್ಗೆ ಜಗಳ ಇಲ್ಲ.

ಮಲ್ಪೆ ಬಂದರು:
ಹಾಗಾದರೆ ಬದಲಾಗಬೇಕಾದ್ದು ಆ ಆದೇಶ. ಅದು ಹಾಗಿದೆ ಅಂತ ನಾವು ಯಾವ ಲೆಕ್ಕದಲ್ಲೂ ಕಾಣದೆ ಇರಬೇಕಾ? 2011ರ ಜನಗಣತಿಯಲ್ಲಿ ಧರ್ಮ ಹೇಳದವರು ಸುಮಾರು 28.7 ಲಕ್ಷ. ಅದರಲ್ಲಿ ನಂಬದವರು ಎಷ್ಟು, ಹೇಳಲಿಕ್ಕೆ ಮನಸ್ಸಿಲ್ಲದವರು ಎಷ್ಟು ಅಂತ ಅದರಿಂದ ತಿಳಿಯುವುದಿಲ್ಲ.

ಕಡಿಯಾಳಿ ವಕೀಲ:
ಬಂಟ್ವಾಳದವರು ಹೇಳಿದ್ದು ಈ ಚರ್ಚೆಯ ನಿಜವಾದ ಗಂಟು. ಅದಕ್ಕೆ ಇನ್ನೊಂದು ಸೇರಿಸಿ. 1955ರ ಹಿಂದೂ ವಿವಾಹ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಅನ್ವಯ ಆಗುತ್ತದೆ, ಜೊತೆಗೆ ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯಹೂದಿ ಅಲ್ಲದ ಉಳಿದವರಿಗೂ ಸಾಮಾನ್ಯವಾಗಿ ಅನ್ವಯ. ಅಂದರೆ ಹಿಂದೂ ಮನೆಯಲ್ಲಿ ಹುಟ್ಟಿದ ನಾಸ್ತಿಕ ಎಷ್ಟು ಕೂಗಿದರೂ ಮದುವೆ ಕಾನೂನು ಅವನನ್ನು ಅಲ್ಲೇ ಕೂರಿಸುತ್ತದೆ. ಅವನ ನಂಬಿಕೆ ಏನು ಅಂತ ಅದು ಕೇಳುವುದೇ ಇಲ್ಲ.

ಮಲ್ಪೆಯವರೇ, ಜನಗಣತಿಯಲ್ಲಿ "ಧರ್ಮ ಇಲ್ಲ" ಅಂತ ಬೇರೆ ಕಾಲಮ್ ಕೇಳಿ, ನಾನೂ ಸಹಿ ಹಾಕುತ್ತೇನೆ. ಹಕ್ಕಿಗೆ ಮಾತ್ರ ಧರ್ಮ ಅನ್ನುವ ಹೆಸರು ಬೇಕಾಗಿಲ್ಲ. 25ನೇ ವಿಧಿ ಶುರು ಆಗುವುದೇ ಆತ್ಮಸಾಕ್ಷಿಯ ಸ್ವಾತಂತ್ರ್ಯದಿಂದ, ಧರ್ಮದ ಮಾತು ಅದರ ನಂತರ. 2014ರಲ್ಲಿ ಬಾಂಬೆ ಹೈಕೋರ್ಟ್ ಇದೇ ವಿಧಿಯ ಮೇಲೆ, ತನಗೆ ಯಾವ ಧರ್ಮವೂ ಇಲ್ಲ ಅನ್ನುವ ಹಕ್ಕು ಪ್ರತಿಯೊಬ್ಬರಿಗೂ ಉಂಟು, ಫಾರ್ಮ್‌ನಲ್ಲಿ ಧರ್ಮ ಹೇಳಲೇಬೇಕು ಅಂತ ಸರಕಾರ ಒತ್ತಾಯಿಸುವ ಹಾಗಿಲ್ಲ ಅಂದಿದೆ.

ಕುದ್ರೋಳಿಯವರೇ, ನಾಸ್ತಿಕ ಬೇಡ, ಸೆಕ್ಯುಲರ್ ಬೇಡ. "ಯಾವ ಧರ್ಮವೂ ಇಲ್ಲ" ಅಂತ ಬರೆಯಿರಿ, ಜೊತೆಗೆ ಆ ತೀರ್ಪಿನ ಪ್ರತಿ ಇಡಿ. ಅದು ಬೇರೆ ರಾಜ್ಯದ ಹೈಕೋರ್ಟ್, ಇಲ್ಲಿ ಕಡ್ಡಾಯ ಅಲ್ಲ, ಆದರೆ ತೂಕ ಉಂಟು. ಆಗಲೂ ವಾಪಸ್ ಕೊಟ್ಟರೆ ಕಾರಣ ಬರವಣಿಗೆಯಲ್ಲಿ ಕೇಳಿ, ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಕೊಡಿ. ಜಾತಿ ಕಾಲಮ್ ಬೇರೆ ವಿಷಯ. ಬಿಲ್ಲವರು ಹಿಂದುಳಿದ ವರ್ಗಗಳ ಮೀಸಲಾತಿಯಲ್ಲಿ 2ಎ, ಮಗಳಿಗೆ ಮುಂದೆ ಅದು ಬೇಕಾಗಬಹುದು, ಹಟಕ್ಕೆ ಬಿದ್ದು ಖಾಲಿ ಬಿಡಬೇಡಿ.

ಕುದ್ರೋಳಿ ಹುಡುಗ:
ಧನ್ಯವಾದ ಸರ್. ಧರ್ಮದ ಕಾಲಮ್ ಹಾಗೇ ಬರೆದು ಸೋಮವಾರ ಕೊಡುತ್ತೇನೆ. ಜಾತಿಯದ್ದು ಹೆಂಡತಿಯ ಹತ್ತಿರ ಮಾತಾಡಬೇಕು, ಅವಳು ಅದನ್ನೂ ಬೇಡ ಅನ್ನುವವಳು. ಬಾಂಬೆ ತೀರ್ಪಿನ ಪ್ರತಿ ಯಾರ ಹತ್ತಿರವಾದರೂ ಇದ್ದರೆ ಇಲ್ಲಿ ಹಾಕಿ.