ಕಾರಿನ ಟಾಪ್ ‘ಎತ್ತುವುದು’ ಅಂದರೆ ತೆರೆಯುವುದಾ, ಮುಚ್ಚುವುದಾ? ಸಂಜೆಯೊಳಗೆ ಪದ ಬೇಕು

ಬನಶಂಕರಿಯಿಂದ:

ಪದಚರ್ಚೆ ಬಳಗದ ಗೆಳೆಯರೆ,

ಇವತ್ತು ಸಂಜೆ ಆರಕ್ಕೆ ಒಂದು ಸ್ಟಿಕ್ಕರ್ ಪ್ರಿಂಟಿಗೆ ಹೋಗಬೇಕು, ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ಮದುವೆಗೆ, ಫೋಟೋ ಶೂಟಿಗೆ ಕಾರು ಬಾಡಿಗೆ ಕೊಡುವ ಪರಿಚಯದವರೊಬ್ಬರ ಹತ್ತಿರ ಮಿನಿ ಕಂಪನಿಯ ಒಂದು ಕನ್ವರ್ಟಿಬಲ್ ಕಾರು ಇದೆ. ಬಟನ್ ಒತ್ತಿ ಹಿಡಿದರೆ ಬಟ್ಟೆಯ ಟಾಪ್ ಮಡಚಿಕೊಂಡು ಹಿಂದೆ ಹೋಗಿ ಕೂರುತ್ತದೆ. ಇನ್ನೊಂದು ಕಡೆ ಒತ್ತಿದರೆ ಬಂದು ಮುಚ್ಚುತ್ತದೆ.

ಕಳೆದ ತಿಂಗಳು ದೇವನಹಳ್ಳಿ ಕಡೆಯಿಂದ ಬರುವಾಗ ಮಳೆ ಹನಿ ಶುರುವಾಯಿತು. ಡ್ರೈವರ್ ಗಾಡಿ ನಿಲ್ಲಿಸದೆ ಬಟನ್ ಒತ್ತಿದರು. ಮುಂದೆ ರಸ್ತೆ ಖಾಲಿ, ವೇಗ ಏರಿತು, ಟಾಪ್ ಅರ್ಧಕ್ಕೆ ನಿಂತುಬಿಟ್ಟಿತು. ಹಿಂದೆ ಕೂತಿದ್ದ ಮದುಮಗಳ ತಲೆಯ ಮೇಲೆ ಆ ಕಂಬಿಗಳ ಚೌಕಟ್ಟು ಗಡಗಡ ಅಲುಗುತ್ತಿತ್ತಂತೆ. ಕನ್ನಡಿಯಲ್ಲಿ ಬಟ್ಟೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲವಂತೆ. ಯಾರಿಗೂ ಪೆಟ್ಟಾಗಲಿಲ್ಲ. ಒಂದು ಕಡೆಯ ಕಂಬಿ ಬಾಗಿತು, ಅಷ್ಟೇ.

ಇಂಗ್ಲಿಷ್ ಕೈಪಿಡಿ ಡ್ಯಾಶ್‌ಬೋರ್ಡ್ ಒಳಗೆ ಬೆಚ್ಚಗೆ ಕೂತಿದೆ. ಓಡಿಸುವವರು ಓದುವುದು ಕನ್ನಡ. ಅವರಿಗಾಗಿ ಸ್ಟಿಕ್ಕರಿಗೆ ನಾನು ಬರೆದದ್ದು ಇದು:

“ವಾಹನ ಚಾಲನೆಯಲ್ಲಿರುವಾಗ ವಿದ್ಯುತ್ ಚಾಲಿತ ಮೇಲ್ಛಾವಣಿಯನ್ನು ಎತ್ತುವುದಾಗಲಿ ಇಳಿಸುವುದಾಗಲಿ ಮಾಡಬಾರದು.”

ಇದು ಸರಿ ಅನಿಸುತ್ತಿಲ್ಲ. ಆ ‘ಮೇಲ್ಛಾವಣಿ’ಗೆ ಏನನ್ನಲಿ? ದಯವಿಟ್ಟು ಬೇಗ ಹೇಳಿ.

ಮಲ್ಲೇಶ್ವರದಿಂದ:

ಮೇಡಂ, ಮೊದಲು ಆ ಮಹಾಪ್ರಾಣ ತೆಗೆಯಿರಿ. ಯಾವ ಕನ್ನಡಿಗನ ನಾಲಗೆಯೂ ‘ಛಾ’ ಎಂದು ಉಸಿರು ಒತ್ತಿ ಹೇಳುವುದಿಲ್ಲ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಹೊಸಬರಹ ಅಂತ, ಅಂದರೆ ಆಡುವ ಹಾಗೆ ಬರೆಯಿರಿ ಅಂತ, ಇಷ್ಟು ವರ್ಷ ಹೇಳಿದ್ದು ಇದನ್ನೇ ಅಲ್ವಾ. ಎರಡನೆಯದು, ‘ಚಾವಣಿ’ ಎಂದು ಬರೆದರೂ ಅದು ನಮ್ಮದಲ್ಲ. ಸಂಸ್ಕೃತದ ಛದ್ ಧಾತುವಿನ ಬಳಗದ್ದು, ಉತ್ತರದ ನುಡಿಗಳ ದಾರಿ ಹಿಡಿದು ಬಂದದ್ದು.

ನಮ್ಮ ಪದ ‘ಮಾಡು’. ತಮಿಳಿನ ಮಾಡಂ, ತುಳುವಿನ ಮಾಡ, ಎಲ್ಲ ಒಂದೇ ಬೇರು. ‘ಮಡಚುಮಾಡು’ ಎಂದು ಬರೆಯಿರಿ. ಮುಗಿಯಿತು.

ವಿಜಯನಗರದಿಂದ:

> ‘ಮಡಚುಮಾಡು’ ಎಂದು ಬರೆಯಿರಿ. ಮುಗಿಯಿತು.

ಮುಗಿದಿಲ್ಲ ಸರ್. ನಾನು ಕುಂದಾಪುರ ಕಡೆಯವನು. ಮಾಡು ಅಂದರೆ ಏನು ಅಂತ ನನಗೆ ಗೊತ್ತು, ಪ್ರತಿ ಮಳೆಗಾಲಕ್ಕೆ ಮುಂಚೆ ಅಪ್ಪಯ್ಯ ಏಣಿ ಹಾಕಿ ಹತ್ತಿ ಒಡೆದ ಹಂಚು ಬದಲಿಸುತ್ತಿದ್ದದ್ದು ಅದೇ ಮಾಡಿನ ಮೇಲೆ. ಅದು ಎರಡು ಕಡೆ ಇಳಿಜಾರು ಇರುವ ಮನೆಯ ಮಾಡು. ಕಾರಿನದ್ದಕ್ಕೆ ನಮ್ಮೂರಲ್ಲಿ ಯಾರೂ ಹಾಗೆ ಹೇಳುವುದಿಲ್ಲ.

ಇಲ್ಲಿ ಬೆಂಗಳೂರಿನಲ್ಲಿ ಡ್ರೈವರುಗಳು ಕೋಲಾರ, ಮಂಡ್ಯ, ತುಮಕೂರು ಕಡೆಯವರು. ಅವರಿಗೆ ‘ಮಾಡು’ ಅಂದರೆ ಕೆಲಸ ಮಾಡು ಅಂತ. ಸ್ಟಿಕ್ಕರಿನಲ್ಲಿ ‘ಮಡಚುಮಾಡು’ ಅಂತ ಓದಿ ಮಡಚು ಅಂತಲೇ ಹೇಳಿದ್ದಾರೆ ಎಂದುಕೊಂಡು ಬಟನ್ ಒತ್ತಿದರೆ ಯಾರು ಹೊಣೆ? ಎಚ್ಚರಿಕೆಯ ಮಾತಿನಲ್ಲಿ ಹೊಸ ಪದ ಕಟ್ಟಬಾರದು. ಕಥೆಯಲ್ಲಿ ಕಟ್ಟಿ, ಕವಿತೆಯಲ್ಲಿ ಕಟ್ಟಿ.

ಬಸವನಗುಡಿಯಿಂದ:

ಯಾಕೆ ಇಷ್ಟು ಹುಡುಕಾಟ? ಎತ್ತಿನ ಗಾಡಿಗೆ ಬೆತ್ತ ಬಾಗಿಸಿ ಚಾಪೆ ಹೊದಿಸಿ ನೆರಳು ಮಾಡುತ್ತಿದ್ದದ್ದಕ್ಕೆ ಹೆಸರು ಇರಲಿಲ್ಲವೇ? ಕಮಾನು. ಕಮಾನು ಗಾಡಿ ಅಂದರೆ ನನ್ನ ವಯಸ್ಸಿನವರಿಗೆಲ್ಲ ಗೊತ್ತು. ಬೇಕಾದಾಗ ಹಾಕಿ ಬೇಡವಾದಾಗ ತೆಗೆಯುವ ಗಾಡಿಯ ಹೊದಿಕೆ, ಕಾರಿನದ್ದೂ ಅದೇ ತಾನೇ. ‘ಕಮಾನು ಕಾರು’ ಎಂದರೆ ಎಷ್ಟು ಚೆಂದ.

ಮಲ್ಲೇಶ್ವರದಿಂದ:

ಕಮಾನು ಫಾರಸಿ. ಬಿಲ್ಲು ಎಂದು ಅರ್ಥ. ಛಾವಣಿ ಬಿಟ್ಟು ಫಾರಸಿಗೆ ಹೋಗುವುದಾದರೆ ಈ ಪದಚರ್ಚೆಯೇ ಬೇಡ.

ಬಸವನಗುಡಿಯಿಂದ:

ಫಾರಸಿ ಆದರೆ ಏನಾಯ್ತು? ನೀವು ಕೂತಿರುವ ಕುರ್ಚಿ ಅರಬ್ಬಿಯಿಂದ ಬಂತು. ಅಲಮಾರು ಪೋರ್ಚುಗೀಸರದ್ದು, ಉತ್ತರ ಕರ್ನಾಟಕದವರು ಬೀಗ ತೆಗೆಯುವ ಚಾವಿಯೂ ಅವರದ್ದೇ. ನೂರಾರು ವರ್ಷ ನಮ್ಮ ಮನೆಯೊಳಗೆ ಇದ್ದು, ವಿಭಕ್ತಿ ಹಚ್ಚಿಸಿಕೊಂಡು, ಗಾದೆಯೊಳಗೆ ಸೇರಿಕೊಂಡ ಪದವನ್ನು ಈಗ ಆಧಾರ್ ಕಾರ್ಡ್ ತೋರಿಸು ಅಂತ ಬಾಗಿಲಲ್ಲಿ ನಿಲ್ಲಿಸುವುದು ನನಗೆ ಒಪ್ಪಿಗೆ ಇಲ್ಲ. ಎರವಲು ಪಡೆಯದ ನುಡಿ ಯಾವುದು, ಒಂದು ತೋರಿಸಿ.

ಮಲ್ಲೇಶ್ವರದಿಂದ:

ಇರುವ ಪದ ಕೊಂದು ಎರವಲು ಪಡೆಯುವುದು ಬೇರೆ, ಇಲ್ಲದ್ದಕ್ಕೆ ಪಡೆಯುವುದು ಬೇರೆ. ನಾನು ಬೇಡ ಎನ್ನುತ್ತಿರುವುದು ಮೊದಲನೆಯದನ್ನು. ನನ್ನ ಮೊಮ್ಮಗಳಿಗೆ ‘ಸೂರು’ ಎಂದರೆ ಗೊತ್ತಿಲ್ಲ, ‘ರೂಫ್’ ಗೊತ್ತು. ನನಗೆ ಅದು ನೋವು.

ಜೆ.ಸಿ. ರಸ್ತೆಯಿಂದ:

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಬರೆಯುವುದು ಕಮ್ಮಿ, ಓದುವುದು ಜಾಸ್ತಿ. ಆದರೆ ಇದು ನಮ್ಮ ಕಸುಬಿನ ಮಾತು. ನಮ್ಮದು ಕುಷನ್ ಅಂಗಡಿ, ತಂದೆಯ ಕಾಲದಿಂದ ಆಟೋಗೆ, ಜೀಪಿಗೆ ಹೊಲಿಯುತ್ತಿದ್ದೇವೆ. ಇಡೀ ಜೆ.ಸಿ. ರಸ್ತೆಯಲ್ಲಿ ಕೇಳಿ, ಹೆಸರು ‘ಟಾಪ್’. “ಟಾಪ್ ಹರಿದಿದೆ, ಹೊಸದು ಹಾಕಬೇಕು” ಅಂತಲೇ ಬರುತ್ತಾರೆ. ಬೇರೆ ಹೆಸರು ಇಟ್ಟರೆ ಗಿರಾಕಿಗೆ ನಾನು ಬಿಡಿಸಿ ಹೇಳಬೇಕಾಗುತ್ತದೆ. ಮೇಡಂ, ಟಾಪ್ ಅಂತಲೇ ಬರೆಯಿರಿ. ಹೊದಿಕೆ ಅನ್ನಬೇಡಿ, ಎಲ್ಲದರಲ್ಲೂ ಬಟ್ಟೆ ಇರುವುದಿಲ್ಲ. ಫೋರ್ಡಿನವರು 1957ರಲ್ಲೇ ಅಮೆರಿಕದಲ್ಲಿ ಸ್ಕೈಲೈನರ್ ಅಂತ ತಂದರು, ತಗಡಿನ ಟಾಪ್ ಮಡಚಿಕೊಂಡು ಡಿಕ್ಕಿಯೊಳಗೆ ಹೋಗುತ್ತಿತ್ತು.

ಆದರೆ ನನಗೆ ಚಿಂತೆ ಆದದ್ದು ಬೇರೆ ಪದ. ‘ಎತ್ತುವುದು, ಇಳಿಸುವುದು’ ಅಂತ ಹಾಕಿದ್ದೀರಲ್ಲ, ಅದು ಉಲ್ಟಾ. ಇಂಗ್ಲಿಷಿನಲ್ಲಿ ಟಾಪ್ ಎತ್ತಿದರು ಅಂದರೆ ಮುಚ್ಚಿದರು ಅಂತ, ಇಳಿಸಿದರು ಅಂದರೆ ಮಡಚಿ ತೆರೆದರು ಅಂತ. ನಮ್ಮಲ್ಲಿ? ಬೆಳಿಗ್ಗೆ ಅಂಗಡಿ ಶಟರ್ ಎತ್ತಿದರೆ ತೆರೆದ ಹಾಗೆ, ರಾತ್ರಿ ಇಳಿಸಿದರೆ ಮುಚ್ಚಿದ ಹಾಗೆ. ಮಳೆ ಬಂದಾಗ ಆಟೋದವರಿಗೆ “ಪರದೆ ಇಳಿಸಿ” ಅನ್ನುತ್ತೇವೆ, ಒಳಗೆ ನೀರು ಬರಬಾರದು ಅಂತ. ಪಾತ್ರೆ ಮುಚ್ಚಳ ಎತ್ತಿದರೂ ತೆರೆದ ಹಾಗೇ. ‘ಬಿಚ್ಚು’ ಕೂಡ ಬೇಡ. ಕೊಡೆ ಬಿಚ್ಚಿದರೆ ತಲೆಗೆ ಮರೆ ಆಗುತ್ತದೆ, ಜೀಪಿನ ಟಾಪ್ ಬಿಚ್ಚಿದರೆ ಇದ್ದ ಮರೆಯೂ ಹೋಗುತ್ತದೆ. ಮಳೆ ಬರುವಾಗ ಹಿಂದಿನಿಂದ ಯಾರೋ “ಎತ್ತಿ, ಎತ್ತಿ” ಎಂದು ಕೂಗಿದರೆ ಡ್ರೈವರ್ ಯಾವ ಕಡೆ ಬಟನ್ ಒತ್ತಬೇಕು? ‘ತೆರೆ, ಮುಚ್ಚು’ ಅಂತ ಬರೆಯಿರಿ. ಅದರಲ್ಲಿ ಗೊಂದಲ ಇಲ್ಲ.

ಇನ್ನೊಂದು ಮಾತು. ಟಾಪ್ ಪೂರ್ತಿ ಮುಚ್ಚಿದಾಗ ಗಾಳಿ ಅದರ ಮೇಲೆ ಜಾರಿ ಹೋಗುತ್ತದೆ. ಅರ್ಧ ಎದ್ದಾಗ ಅಡಿಗೆ ನುಗ್ಗುತ್ತದೆ, ಹಡಗಿನ ಹಾಯಿ ಥರ ಉಬ್ಬುತ್ತದೆ. ಆ ಭಾರವೆಲ್ಲ ಬೀಳುವುದು ಬೆರಳು ದಪ್ಪದ ಕೀಲುಗಳ ಮೇಲೆ. ಹೊಲಿಗೆ ಬಿಡುವುದೂ ಅಲ್ಲೇ, ಕಂಬಿಯ ತುದಿ ಬಟ್ಟೆಗೆ ತಾಗುವ ಮೂಲೆಯಲ್ಲಿ. ನಾನು ಹರಿದ ಟಾಪ್ ನೋಡಿದಾಗಲೆಲ್ಲ ಮೊದಲು ಬೆರಳಿಡುವುದು ಆ ಮೂಲೆಗೇ.

ಇಂದಿರಾನಗರದಿಂದ:

ಪದ ಏನೇ ಇರಲಿ, ವಾಕ್ಯವೇ ತಪ್ಪು. ಓಡುವಾಗ ಟಾಪ್ ತೆರೆಯಲೇಬಾರದು ಅಂತ ಯಾರು ಹೇಳಿದ್ದು? ಮಿನಿಯಲ್ಲಿ ಗಂಟೆಗೆ 30 ಕಿ.ಮೀ. ತನಕ ತೆರೆಯಬಹುದು, ಮುಚ್ಚಬಹುದು. ಬಿಎಂಡಬ್ಲ್ಯೂ ಝಡ್‌4ನಲ್ಲಿ 50 ತನಕ, ಮರ್ಸಿಡಿಸ್ ಸಿಎಲ್‌ಇಯಲ್ಲಿ 60 ತನಕ. ಕಂಪನಿಯವರೇ ಕೊಟ್ಟಿರುವ ಸೌಕರ್ಯ. ಅನುವಾದಕರು ಇಲ್ಲದ ನಿಯಮ ಸೇರಿಸಬಾರದು. “30ಕ್ಕಿಂತ ಹೆಚ್ಚಿನ ವೇಗದಲ್ಲಿ” ಎಂದು ಬರೆಯಿರಿ, ಸಾಕು.

ವಿಜಯನಗರದಿಂದ:

> ಕಂಪನಿಯವರೇ ಕೊಟ್ಟಿರುವ ಸೌಕರ್ಯ.

ಕೊಟ್ಟಿದ್ದಾರೆ, ಒಪ್ಪಿದೆ. ಲೆಕ್ಕ ಹಾಕಿ. ಮಿನಿಯ ಟಾಪ್ ತೆರೆಯಲು ಸುಮಾರು 18 ಸೆಕೆಂಡು. ಗಂಟೆಗೆ 30 ಕಿ.ಮೀ. ವೇಗದಲ್ಲಿ 18 ಸೆಕೆಂಡು ಅಂದರೆ 150 ಮೀಟರ್. ಅಷ್ಟು ದೂರ ಒಂದು ಕೈ ಬಟನ್ ಮೇಲೆ, ಹಿಂದೆ ಏನೂ ಕಾಣುವುದಿಲ್ಲ. ನಮ್ಮ ರಸ್ತೆಯಲ್ಲಿ 150 ಮೀಟರಿನೊಳಗೆ ಒಂದು ಹಂಪು, ಎರಡು ಸ್ಕೂಟರು, ಒಂದು ಹಸು ಬರುತ್ತವೆ. ಗುಂಡಿಗೆ ಚಕ್ರ ಇಳಿದರೆ ಟಾಪಿನ ಕೀಲಿಗೂ ಏಟು. ಎದುರುಗಾಳಿ ಇದ್ದರೆ ಮೀಟರ್ 30 ತೋರಿಸಿದರೂ ಟಾಪಿಗೆ ತಗಲುವ ಗಾಳಿ ಅದಕ್ಕಿಂತ ಜೋರು. ವೇಗ ಎರಡರಷ್ಟಾದರೆ ಗಾಳಿಯ ಒತ್ತಡ ನಾಲ್ಕರಷ್ಟಾಗುತ್ತದೆ, ಈ ಲೆಕ್ಕ ಡ್ರೈವರಿಗೆ ಸ್ಟಿಕ್ಕರಿನಲ್ಲಿ ಕಲಿಸಲು ಆಗುವುದಿಲ್ಲ. ಕಾರಿನ ಮಾಲೀಕರು ನಿಲ್ಲಿಸಿಯೇ ಮಾಡಿ ಅಂದರೆ ಅದು ಅವರ ನಿಯಮ, ಮೇಡಂ ಸೇರಿಸಿದ್ದಲ್ಲ.

ಇಂದಿರಾನಗರದಿಂದ:

ಮಾಲೀಕರ ನಿಯಮ ಎಂದರೆ ಸರಿ. ಅದನ್ನು ಮೊದಲೇ ಹೇಳಬೇಕಿತ್ತು.

ಆದರೆ ‘ಚಾಲನೆಯಲ್ಲಿರುವಾಗ’ ನನಗೆ ಈಗಲೂ ಒಪ್ಪಿಗೆ ಇಲ್ಲ. ಗಾಡಿ ‘ಓಡುವಾಗ’ ಬೇರೆ, ನಾವು ‘ಓಡಿಸುವಾಗ’ ಬೇರೆ. ಸಿಲ್ಕ್ ಬೋರ್ಡ್ ಸಿಗ್ನಲಿನಲ್ಲಿ ಗಾಡಿ ಓಡುತ್ತಿಲ್ಲ, ನಿಂತಿದೆ. ಆದರೆ ಡ್ರೈವರ್ ಓಡಿಸುತ್ತಲೇ ಇದ್ದಾನೆ. ‘ಗಾಡಿ ನಿಂತಾಗ’ ಎಂದು ಬರೆದರೆ ಸಿಗ್ನಲಿನಲ್ಲಿ ಒತ್ತುತ್ತಾನೆ, ಅರ್ಧಕ್ಕೆ ಹಸಿರು ದೀಪ ಬೀಳುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊರಟುಬಿಡುತ್ತಾನೆ. ಹಾಗಾಗಿ ‘ನಿಂತಾಗ’ ಬೇಡ, ‘ನಿಲ್ಲಿಸಿ’ ಬೇಕು. ಅದೂ ‘ಪಕ್ಕಕ್ಕೆ ನಿಲ್ಲಿಸಿ’.

ಮಲ್ಲೇಶ್ವರದಿಂದ:

ಇದು ಒಳ್ಳೆಯ ಮಾತು. ‘ನಿಲ್ಲು’ ಮತ್ತು ‘ನಿಲ್ಲಿಸು’ ನಡುವಿನ ‘ಇಸು’ ಎಷ್ಟು ಕೆಲಸ ಮಾಡುತ್ತದೆ ನೋಡಿ. ಯಾರು ಹೊಣೆ ಎಂದು ಅದೊಂದೇ ಹೇಳಿಬಿಡುತ್ತದೆ. ‘ಚಾಲನೆ’ಗೆ ಆ ಶಕ್ತಿ ಇಲ್ಲ. ಟಾಪ್ ಬಗ್ಗೆ ನನ್ನ ವಿರೋಧ ಹಾಗೇ ಇದೆ.

ಬಸವನಗುಡಿಯಿಂದ:

ಕಮಾನು ಬಿಟ್ಟುಕೊಟ್ಟೆ, ಸ್ಟಿಕ್ಕರಿಗೆ ಮಾತ್ರ. ದಯವಿಟ್ಟು ‘ತೆರೆದ ವಾಹನ’ ಅಂತ ಯಾರೂ ಹಾಕಬೇಡಿ. ಪೇಪರಿನಲ್ಲಿ ‘ತೆರೆದ ವಾಹನದಲ್ಲಿ ಮೆರವಣಿಗೆ’ ಅಂದರೆ ಚುನಾವಣೆ ಪ್ರಚಾರ ಅಂತಲೇ ಅರ್ಥ.

ಜೆ.ಸಿ. ರಸ್ತೆಯಿಂದ:

ಮೇಲೆ ನೋಡುವುದನ್ನೂ ಸೇರಿಸಿ ಮೇಡಂ. ಮಡಚುವಾಗ ಟಾಪ್ ಮೊದಲು ಮೇಲಕ್ಕೆ ಏಳುತ್ತದೆ, ಕಾರಿನ ಎತ್ತರಕ್ಕಿಂತ ಮೇಲೆ ಹೋಗಿ ಆಮೇಲೆ ಹಿಂದಕ್ಕೆ ಕೂರುತ್ತದೆ. ಕಲ್ಯಾಣ ಮಂಟಪದ ಬೇಸ್‌ಮೆಂಟಿನಲ್ಲಿ ತೊಲೆಗೆ ತಗಲುತ್ತದೆ, ರಸ್ತೆ ಬದಿಯಲ್ಲಿ ಕೊಂಬೆಗೆ. ಪಕ್ಕಕ್ಕೆ ನಿಲ್ಲಿಸಿ ಅಂತ ನಾವೇ ಹೇಳಿ ಮರದ ಕೆಳಗೆ ನಿಲ್ಲಿಸುವ ಹಾಗೆ ಆಗಬಾರದು.

ಬನಶಂಕರಿಯಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎತ್ತುವುದು, ಇಳಿಸುವುದು ಹಾಗೇ ಪ್ರಿಂಟಾಗಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ಮಲ್ಲೇಶ್ವರದ ಹಿರಿಯರು ಬೇಸರ ಮಾಡಿಕೊಳ್ಳಬೇಡಿ, ‘ಸೂರು’ ನನಗೂ ಇಷ್ಟದ ಪದ. ಆದರೆ ಈ ಸ್ಟಿಕ್ಕರನ್ನು ಮಳೆಯಲ್ಲಿ, ಅವಸರದಲ್ಲಿ, ಒಂದೇ ನೋಟಕ್ಕೆ ಓದುವವರಿದ್ದಾರೆ. ಅವರು ದಿನಾ ಆಡುವ ಪದವೇ ಅಲ್ಲಿ ಇರಬೇಕು. ಕಳಿಸುತ್ತಿರುವುದು ಇದು:

ಟಾಪ್ ತೆರೆಯುವ, ಮುಚ್ಚುವ ಮುಂಚೆ ಗಾಡಿ ಪಕ್ಕಕ್ಕೆ ನಿಲ್ಲಿಸಿ.
ಸಿಗ್ನಲಿನಲ್ಲಿ ಬೇಡ.
ಮೇಲೆ ಕೊಂಬೆ, ತೊಲೆ ಇದೆಯಾ ನೋಡಿ.
ಟಾಪ್ ಪೂರ್ತಿ ಕೂರುವ ತನಕ ಬಟನ್ ಬಿಡಬೇಡಿ. ಕೂತ ಮೇಲೆ ಹೊರಡಿ.

‘ಮುಂಚೆ’ ಇರಲಾ, ‘ಮೊದಲು’ ಮಾಡಲಾ? ಐದೂವರೆ ತನಕ ಕಾಯುತ್ತೇನೆ.

ವಿಜಯನಗರದಿಂದ:

‘ಮುಂಚೆ’ ಇರಲಿ. ಕಳಿಸಿ.