ಮಗಳ ಪ್ರಾಜೆಕ್ಟಿಗೆ ನಮ್ಮ ಏರಿಯಾದ ಕರ್ಲಿಂಗ್ ಕ್ಲಬ್ಬಿನ ಚರಿತ್ರೆ ಬೇಕು, ಆಟಕ್ಕೂ ಸೇರಿಸಬೇಕಾ?

ಹಾಸನದ ಅಮ್ಮ (ಟೊರಾಂಟೊ)
ಎಲ್ರಿಗೂ ನಮಸ್ಕಾರ. ಮಗಳಿಗೆ ಒಂಬತ್ತು ವರ್ಷ, ನಾಲ್ಕನೇ ಗ್ರೇಡು. ಮನೆ ಹತ್ತಿರದ ಒಂದು ಹಳೇ ಸಂಸ್ಥೆಯ ಚರಿತ್ರೆ ಬರ್ಕೊಂಡು ಬರೋಕೆ ಹೇಳಿದ್ದಾರೆ. ಅವಳು ಬ್ರಾಡ್‌ವ್ಯೂ ಅವೆನ್ಯೂದ ರಾಯಲ್ ಕೆನೇಡಿಯನ್ ಕರ್ಲಿಂಗ್ ಕ್ಲಬ್ ಆರಿಸ್ಕೊಂಡಿದ್ದಾಳೆ. ಕರ್ಲಿಂಗ್ ಅಂದ್ರೆ ಐಸ್ ಮೇಲೆ ದುಂಡು ಕಲ್ಲು ಜಾರಿಸಿ, ಅದರ ಮುಂದೆ ಪೊರಕೆಯಿಂದ ಗುಡಿಸ್ತಾ, ಆ ತುದಿಯ ವೃತ್ತಕ್ಕೆ ಮುಟ್ಟಿಸೋ ಆಟ. ಈಗ ಆಟಕ್ಕೂ ಸೇರ್ತೀನಿ ಅಂತಾಳೆ. ನನ್ನ ಚಿಂತೆ ಮೂರು. ಚರಿತ್ರೆ ಎಲ್ಲಿ ಹುಡುಕೋದು? ಐಸ್ ಮೇಲೆ ಬಿದ್ದು ತಲೆಗೆ ಪೆಟ್ಟಾದ್ರೆ? ನಮಗೆ ಅನುಕೂಲವಾಗೋ ಮಕ್ಕಳ ತರಬೇತಿ ಭಾನುವಾರ, ಕನ್ನಡ ತರಗತಿನೂ ಅದೇ ಹೊತ್ತಿಗೆ. ಏನ್ಮಾಡ್ಲಿ? ಶೂ, ಬಟ್ಟೆ ಏನು ತಗೋಬೇಕು ಅಂತಾನೂ ಹೇಳಿ.

ಬ್ರಾಡ್‌ವ್ಯೂ ರಾಯರು
ಅಮ್ಮಾ, ಮಗು ಒಳ್ಳೇ ಜಾಗ ಆರಿಸ್ಕೊಂಡಿದೆ. ಆ ಕ್ಲಬ್ಬು ಕರ್ಲಿಂಗಿಗೆ ಅಂತ ಹುಟ್ಟಿದ್ದೇ ಅಲ್ಲ. 1891ರಲ್ಲಿ ಶುರುವಾದಾಗ ಅದು ರಾಯಲ್ ಕೆನೇಡಿಯನ್ ಬೈಸಿಕಲ್ ಕ್ಲಬ್. ಡನ್‌ಲಪ್ 1888ರಲ್ಲಿ ಗಾಳಿ ತುಂಬೋ ಟೈರಿಗೆ ಪೇಟೆಂಟ್ ಪಡೆದ ಮೇಲೆ, ಎರಡೂ ಚಕ್ರ ಒಂದೇ ಅಳತೆಯ ಸೈಕಲ್ಲು ಊರೆಲ್ಲ ಹರಡಿತು. ಆ ಹುಚ್ಚಿನ ಕಾಲದ ಕೂಸು ಇದು. ಹತ್ತು ವರ್ಷದೊಳಗೆ ಸೈಕಲ್ ತಯಾರಿಸೋರು ಅತಿಯಾದ್ರು. 1899ರಲ್ಲಿ ಹಲವು ಕಂಪನಿಗಳು ಸೇರಿ ಟೊರಾಂಟೊದಲ್ಲಿ ಸಿಸಿಎಂ (ಕೆನಡಾ ಸೈಕಲ್ ಅಂಡ್ ಮೋಟರ್ ಕಂಪನಿ) ಆಯ್ತು. ಸೈಕಲ್ ವ್ಯಾಪಾರ ಕುಸಿದಾಗ ಅದೇ ಸಿಸಿಎಂ 1905ರಲ್ಲಿ ಸ್ಕೇಟ್ ಮಾಡೋಕೆ ಶುರು ಮಾಡ್ತು. ಕಾರ್ಖಾನೆಯೂ ಸೈಕಲ್ಲಿಂದ ಐಸಿಗೆ ಬಂತು, ಕ್ಲಬ್ಬೂ ಬಂತು. ಮಗು ಇದನ್ನೇ ಬೆನ್ನೆಲುಬು ಮಾಡ್ಕೊಂಡು ಬರೆದ್ರೆ ಪ್ರಾಜೆಕ್ಟಿಗೆ ಜೀವ ಬರುತ್ತೆ.

ಹೆಸರಿನಲ್ಲಿ ಎರಡು ಕಡೆ ಎಡವಬಹುದು. ಇಲ್ಲಿನ 'ರಾಯಲ್' ಸೈಕಲ್ ಕ್ಲಬ್ಬಿಂದಲೇ ಬಂದದ್ದು. ಸ್ಕಾಟ್ಲೆಂಡಿನ ರಾಯಲ್ ಕ್ಯಾಲೆಡೋನಿಯನ್ ಕ್ಲಬ್ಬಿನ ಕಥೆ ಬೇರೆ: 1838ರಲ್ಲಿ ಎಡಿನ್‌ಬರೊದಲ್ಲಿ ಸ್ಥಾಪನೆ, 1842ರಲ್ಲಿ ವಿಕ್ಟೋರಿಯಾ ರಾಣಿಗೆ ಸ್ಕೂನ್ ಅರಮನೆಯ ನುಣುಪು ನೆಲದ ಮೇಲೇ ಆಟ ತೋರಿಸಿದ್ರು, 1843ರಲ್ಲಿ 'ರಾಯಲ್' ಸಿಕ್ತು. ಇನ್ನೊಂದು, ಟೊರಾಂಟೊದ ಗ್ರಾನೈಟ್ ಕ್ಲಬ್. ಅದು 1875ರದ್ದು, 1927ರ ಮೊದಲ ಬ್ರಯರ್ (ಗಂಡಸರ ಕರ್ಲಿಂಗಿನ ಕೆನಡಾ ಮಟ್ಟದ ಟೂರ್ನಿ) ನಡೆದದ್ದು ಅಲ್ಲಿ. ಇವನ್ನ ಒಂದಕ್ಕೊಂದು ಬೆರೆಸಬಾರದು.

ಇನ್ನೂ ಹಿಂದಕ್ಕೆ ಹೋಗೋದಾದ್ರೆ ಡಾನ್ ನದಿ. ಜಾನ್ ಜಾರ್ಜ್ ಹೊವಾರ್ಡ್ ಅನ್ನೋ ವಾಸ್ತುಶಿಲ್ಪಿ 1836ರ ಸುಮಾರಿಗೆ ಆ ನದಿಯ ಐಸ್ ಮೇಲೆ ಕರ್ಲಿಂಗ್ ಆಡೋರ ಚಿತ್ರ ಬರೆದಿದ್ದಾನೆ. ಮುಂದೆ ಹೈ ಪಾರ್ಕಿನ ಜಮೀನು ಊರಿಗೆ ಬರೆದುಕೊಟ್ಟವನೂ ಅವನೇ. ಕ್ಲಬ್ಬಿಂದ ಆ ನದಿಗೆ ನಡೆದೇ ಹೋಗಬಹುದು. 1880ರ ದಶಕದಲ್ಲಿ ನದಿಯ ಕೆಳಭಾಗ ನೇರ ಮಾಡೋ ಕೆಲಸ ಶುರುವಾಯ್ತು. ಹಳೇ ಅಂಕುಡೊಂಕು ದಡ ಹುಡುಕಬೇಡಿ, ಸಿಗಲ್ಲ.

ಧಾರವಾಡದಂವ (ಮಿಸಿಸಾಗಾ)
ಅಕ್ಕಾರ, ಕನ್ನಡ ಕ್ಲಾಸ್ ಒಟ್ಟ ಬಿಡಸಬ್ಯಾಡ್ರಿ. ಕರ್ಲಿಂಗ್ ಹದಿನೈದಕ್ಕ ಕಲಿಬಹುದು, ಐವತ್ತಕ್ಕೂ ಕಲಿಬಹುದು. ಒತ್ತಕ್ಷರ ಹಂಗಲ್ಲ. ಎಂಟು ಒಂಬತ್ತರ ವಯಸ್ಸಿನ್ಯಾಗ ಕಾಗುಣಿತ ಕೈಗೆ ಕೂಡಿರ್ತದ, ಓದೋ ವೇಗ ಇನ್ನೂ ಬಂದಿರಂಗಿಲ್ಲ. ಆಗ ಆರು ತಿಂಗಳ ಬಿಟ್ಟರ ಮೊದಲ ಹೋಗೋದು ಒತ್ತಕ್ಷರ, ಆಮ್ಯಾಲ ಮಹಾಪ್ರಾಣ. 'ಧನ' ಹೋಗಿ 'ದನ' ಆಗ್ತದ. ಆಮ್ಯಾಲ ಹುಡುಗ್ರು ಕೇಳಿ ತಿಳ್ಕೋತಾವ, ಓದಂಗಿಲ್ಲ. ಇಂಥಾ ಮನಿ ಈ ಗುಂಪಿನ್ಯಾಗ ಎಷ್ಟು ಅದಾವ ಎಲ್ಲಾರಿಗೂ ಗೊತ್ತದ. ಅವರ ಕ್ಲಬ್ಬಿನ ಇತಿಹಾಸ ಬರಿಯಾಕ ಅವರ ಮಂದಿ ಅದಾರ. ನಮ್ಮ ಅಕ್ಷರ ಕಲಸಾಕ ನಾವಷ್ಟ.

ವಿನ್ನಿಪೆಗ್ ಅಜ್ಜ
ಟೊರಾಂಟೊದವರು ಬೇಸರ ಮಾಡ್ಕೋಬಾರದು, ಕರ್ಲಿಂಗಿನ ನಿಜವಾದ ಊರು ವಿನ್ನಿಪೆಗ್. ಇಲ್ಲಿನ ದೊಡ್ಡ ಬಾನ್‌ಸ್ಪೀಲ್, ಅಂದ್ರೆ ಕರ್ಲಿಂಗ್ ಪಂದ್ಯಾವಳಿ, 1889ರಿಂದ ಇದೆ. ಕೆನ್ ವಾಟ್ಸನ್ ಇಲ್ಲಿ ಶಾಲಾ ಮೇಷ್ಟ್ರು. 1936, 1942, 1949, ಮೂರು ಬ್ರಯರ್ ಗೆದ್ದ ಮೊದಲ ನಾಯಕ. ಕಲ್ಲು ಬಿಡುವಾಗ ಉದ್ದಕ್ಕೆ ಜಾರಿಕೊಂಡು ಹೋಗೋ ಶೈಲಿ ಹರಡಿದ್ದೂ ಅವರಿಂದ. ಈಗ ಮಕ್ಕಳಿಗೆ ಮೊದಲ ದಿನ ಕಲಿಸೋದು ಅದನ್ನೇ. ಅಕ್ಕ, ಚರಿತ್ರೆಯಲ್ಲಿ ಕಟ್ಟಡಕ್ಕಿಂತ ಆಟದ ಬದಲಾವಣೆ ಬರೆಸಿ.

ಐಸ್ ಕೆಲಸದವನು
ಕಟ್ಟಡವೂ ಬೇಕು, ಆಟವೂ ಬೇಕು, ಆದ್ರೆ ಕರ್ಲಿಂಗ್ ಕ್ಲಬ್ಬಿನ ಚರಿತ್ರೆ ಅಂದ್ರೆ ಐಸಿನ ಚರಿತ್ರೆ. ಅದನ್ನ ಬಿಟ್ಟು ಬರೆದ್ರೆ ಒಲೆ ಬಿಟ್ಟು ಅಡುಗೆಮನೆ ವರ್ಣನೆ ಮಾಡಿದ ಹಾಗೆ.

ಮೊದಲು ನದಿ, ಕೆರೆ. ಆಮೇಲೆ ಮಾಡಿನ ಕೆಳಗೆ ನೀರು ಹರವಿ, ರಾತ್ರಿ ಕಿಟಕಿ ತೆಗೆದಿಟ್ಟು ಚಳಿಯಲ್ಲೇ ಹೆಪ್ಪುಗಟ್ಟಿಸೋದು. ಒಂದು ವಾರ ಬಿಸಿಲು ಬಂದ್ರೆ ಆಟ ನಿಂತುಹೋಗೋದು. ಆಮೇಲೆ ಬಂತು ನೆಲದಡಿಯ ಕೊಳವೆ, ಅದರಲ್ಲಿ ತಣ್ಣಗಿನ ಉಪ್ಪುನೀರು. ಅಡುಗೆ ಉಪ್ಪಲ್ಲ, ಕ್ಯಾಲ್ಸಿಯಂ ಕ್ಲೋರೈಡ್. ಅದನ್ನ ತಣ್ಣಗೆ ಮಾಡೋದು ಬಹಳ ಕಡೆ ಅಮೋನಿಯಾ ಯಂತ್ರ. ಐಸಿನ ದಪ್ಪ ಮೂರ್ನಾಲ್ಕು ಸೆಂಟಿಮೀಟರ್, ಮೇಲ್ಮೈ ಸುಮಾರು ಮೈನಸ್ 5 ಡಿಗ್ರಿ.

ಸ್ಕೇಟಿಂಗ್ ಐಸಿನ ಹಾಗೆ ಇದು ನುಣುಪಾಗಿರಬಾರದು. ಬೆನ್ನಿಗೆ ಕ್ಯಾನು ಕಟ್ಟಿಕೊಂಡು, ತೂತಿನ ತಲೆಯಿಂದ ಬಿಸಿನೀರಿನ ಹನಿ ಚಿಮುಕಿಸ್ತಾ ಹಿಂದೆ ಹಿಂದೆ ನಡೀತಾರೆ. ಹನಿ ಬಿದ್ದಲ್ಲೇ ಹೆಪ್ಪುಗಟ್ಟಿ ರಾಗಿಕಾಳಿನಂಥ ಗುಳ್ಳೆ ಆಗುತ್ತೆ. ಅದಕ್ಕೆ ಪೆಬಲ್ ಅಂತಾರೆ. ಆಮೇಲೆ ಬ್ಲೇಡ್ ಎಳೆದು ಗುಳ್ಳೆಗಳ ತಲೆ ಸವರ್ತಾರೆ. ಕಲ್ಲು ಓಡೋದು ಆ ತಲೆಗಳ ಮೇಲೆ. ಕಲ್ಲಿನ ತಳವೆಲ್ಲ ಐಸಿಗೆ ತಾಗಲ್ಲ. ತಳ ಒಳಕ್ಕೆ ಬಟ್ಟಲಿನ ಹಾಗೆ ತೋಡಿದ್ದು, ಐದಾರು ಮಿಲಿಮೀಟರ್ ಅಗಲದ ಒಂದು ಬಳೆ ಮಾತ್ರ ತಾಗುತ್ತೆ.

ಕೆಡೋದು ಎಲ್ಲಿ? ನಲ್ಲಿ ನೀರು ನೇರ ಹಾಕಿದ್ರೆ ಅದರ ಖನಿಜ ಐಸಿನಲ್ಲಿ ಉಳಿದು ಪುಡಿಪುಡಿ ಆಗುತ್ತೆ, ಅದಕ್ಕೇ ಶುದ್ಧೀಕರಿಸಿದ ನೀರು. ಒಳಗೆ ತೇವ ಹೆಚ್ಚಾದ್ರೆ ಇಬ್ಬನಿ ಕೂತು ಕಲ್ಲು ಅರ್ಧದಲ್ಲೇ ನಿಲ್ಲುತ್ತೆ. ಒಂದು ಕೂದಲು ಸಾಕು, ಕಲ್ಲು ದಾರಿ ತಪ್ಪೋಕೆ. ಮಗಳದ್ದು ಉದ್ದ ಜಡೆ ಆದ್ರೆ ಬಿಗಿಯಾಗಿ ಕಟ್ಟಿ ಕಳಿಸಿ, ಉಣ್ಣೆ ಉದುರೋ ಶಾಲು ಬೇಡ.

ಪಾಲಕರೆಲ್ಲ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಆ ಉಪ್ಪುನೀರು ತಣ್ಣಗೆ ಮಾಡೋ ಚಿಲ್ಲರ್‌ಗೆ ಎಷ್ಟು ವಯಸ್ಸಾಯ್ತು? 2017ರ ಅಕ್ಟೋಬರಿನಲ್ಲಿ ಬ್ರಿಟಿಷ್ ಕೊಲಂಬಿಯಾದ ಫರ್ನಿ ಊರಿನಲ್ಲಿ ಕರ್ಲಿಂಗ್ ಐಸಿನ ಹಳೇ ಚಿಲ್ಲರ್ ಸೋರಿ ಅಮೋನಿಯಾಕ್ಕೆ ಮೂವರು ಸತ್ರು. ಹೆದರಿಸೋಕೆ ಹೇಳ್ತಿಲ್ಲ. ಕೇಳೋದ್ರಲ್ಲಿ ಸಂಕೋಚ ಬೇಡ ಅಂತ ಹೇಳ್ತಿದ್ದೀನಿ. ಯಂತ್ರದ ಕೋಣೆಯಲ್ಲಿ ಅಮೋನಿಯಾ ಅಲಾರಂ ಇದೆಯಾ, ಅದು ಹೊಡೆದಾಗ ಮಕ್ಕಳನ್ನ ಯಾವ ಬಾಗಿಲಿಂದ ಹೊರಗೆ ಕರ್ಕೊಂಡು ಹೋಗ್ತಾರೆ, ಇಷ್ಟು ಕೇಳಿ.

ಧಾರವಾಡದಂವ (ಮಿಸಿಸಾಗಾ)
ನೋಡ್ರಿ, ಐಸ್ ಬಗ್ಗೆ ಇಷ್ಟುದ್ದ ಬರಿತೀರಿ, ಕನ್ನಡ ಕ್ಲಾಸಿನ ಬಗ್ಗೆ ಒಬ್ರೂ ಒಂದು ಸಾಲು ಬರೀಲಿಲ್ಲ. ವಾರಕ್ಕ ಎರಡು ತಾಸು ಇರೋದ, ಅದನ್ನೂ ಕೊಟ್ಟುಬಿಟ್ಟರ ಉಳಿಯೋದೇನು?

ಕುಂದಾಪುರ ಟೀಚರ್
ಅಣ್ಣ, ಕನ್ನಡ ತರಗತಿ ನಡೆಸೋರಲ್ಲಿ ನಾನೂ ಒಬ್ಬಳು, ನಿಮ್ಮ ಆತಂಕ ನನ್ನದೂ ಹೌದು. ಆದರೆ ಇದನ್ನ ಇದಿರುಬದಿರು ನಿಲ್ಲಿಸುವುದು ಬೇಡ. ಮಗು ಪ್ರಾಜೆಕ್ಟನ್ನು ಕನ್ನಡದಲ್ಲೂ ಒಂದು ಪುಟ ಬರೆಯಲಿ. 'ಕರ್ಲಿಂಗ್' ಅಂತ ಬರೆಯುವಾಗಲೇ ಅರ್ಕಾವೊತ್ತು ಬಂತು. 'ಬ್ರಾಡ್‌ವ್ಯೂ' ಅನ್ನುವಲ್ಲಿ ರ ಒತ್ತು ಒಂದು, ಯ ಒತ್ತು ಇನ್ನೊಂದು. 'ವೃತ್ತ', 'ಸರದಿ', 'ಗುರಿ', 'ಜಾರು', 'ಗುಡಿಸು' ಎಲ್ಲ ನಮ್ಮದೇ ಪದಗಳು, ಕರ್ಲಿಂಗಿಗೆ ಹಾಗೇ ಹೊಂದುತ್ತವೆ. ಮಗುವಿಗೆ ಪ್ರೀತಿ ಇರುವ ವಿಷಯದಲ್ಲಿ ಬರೆಸಿದ ಒತ್ತಕ್ಷರ ಕಾಪಿ ಬರೆಸಿದ್ದಕ್ಕಿಂತ ಗಟ್ಟಿ ನಿಲ್ಲುತ್ತದೆ. ಹೊತ್ತಿನ ವಿಷಯ: ಕರ್ಲಿಂಗ್ ಸಾಮಾನ್ಯವಾಗಿ ಅಕ್ಟೋಬರಿನಿಂದ ಮಾರ್ಚ್, ಏಪ್ರಿಲ್ ತನಕ ಮಾತ್ರ. ಶನಿವಾರ ಮಕ್ಕಳ ತರಬೇತಿ ಇರುವ ಬೇರೆ ಕ್ಲಬ್ಬು ವಿಚಾರಿಸಿ. ಸಿಗದಿದ್ದರೆ ಆ ಐದಾರು ತಿಂಗಳು ವಾರದ ನಡುವೆ ಒಂದು ಸಂಜೆ ಆನ್‌ಲೈನ್ ಪಾಠ ಹಾಕಿಕೊಡಲು ನಿಮ್ಮ ಟೀಚರನ್ನು ಕೇಳಿ.

ಧಾರವಾಡದಂವ (ಮಿಸಿಸಾಗಾ)
ಆನ್‌ಲೈನ್ ಪಾಠದಾಗ ಹುಡುಗ್ರು ಅಕ್ಷರ ತಿದ್ದಂಗಿಲ್ಲ ಟೀಚರ್. ಕೈ ಹಿಡಿದು ತಿದ್ದಿಸಬೇಕು.

ಹಾಸನದ ಅಮ್ಮ (ಟೊರಾಂಟೊ)
ಎಲ್ರಿಗೂ ತುಂಬಾ ಥ್ಯಾಂಕ್ಸ್. ಶೂ, ಬಟ್ಟೆ, ಬೀಳೋ ವಿಷಯ ಯಾರಾದ್ರೂ ಹೇಳ್ತೀರಾ?

ಲಿಟ್ಲ್ ರಾಕ್ಸ್ ಸಹಾಯಕಿ
ಹೇಳ್ತೀನಿ ಅಕ್ಕ. ಏಳೆಂಟು ವರ್ಷದಿಂದ ಹನ್ನೊಂದು ಹನ್ನೆರಡರ ತನಕದ ಮಕ್ಕಳ ತರಬೇತಿಗೆ ಲಿಟ್ಲ್ ರಾಕ್ಸ್ ಅಂತಾರೆ. ದೊಡ್ಡವರ ಕಲ್ಲು 17ರಿಂದ 20 ಕಿಲೋ, ಮಕ್ಕಳದ್ದು ಸುಮಾರು ಅದರ ಅರ್ಧ. ಹಾಗಿದ್ದೂ ಎತ್ತಬಾರದು, ತಳ್ಳೋದು ಮಾತ್ರ. ಎತ್ತೋಕೆ ಹೋದಾಗ್ಲೇ ಬೆರಳು ಜಜ್ಜೋದು.

ಮೊದಲ ತಿಂಗಳು ಏನೂ ಕೊಳ್ಳಬೇಡಿ. ಹೊರಗೆ ಹಾಕದ, ತಳ ತೊಳೆದ ಕ್ಯಾನ್ವಾಸ್ ಶೂ ಸಾಕು. ಬಾಗಿಲಲ್ಲೇ ಹಾಕಿಸಿ. ರಸ್ತೆ ಉಪ್ಪು, ಮರಳಿನ ಒಂದು ಕಣ ಬಂದ್ರೂ ಪೆಬಲ್ ಹಾಳು. ಜೀನ್ಸ್ ಬೇಡ, ಬಗ್ಗೋಕೆ ಆಗಲ್ಲ. ಹಿಗ್ಗೋ ಪ್ಯಾಂಟು, ಮೇಲೆ ಎರಡು ತೆಳು ಪದರ, ತೆಳು ಗ್ಲೌಸು. ಪೊರಕೆ, ಸ್ಲೈಡರ್ (ಒಂದು ಶೂ ತಳಕ್ಕೆ ಹಾಕೋ ಜಾರುವ ತುಂಡು) ಸಾಮಾನ್ಯವಾಗಿ ಕ್ಲಬ್ಬಿನವರೇ ಕೊಡ್ತಾರೆ. ಹೆಲ್ಮೆಟ್ ಮಾತ್ರ ಮೊದಲ ದಿನದಿಂದ. ಸ್ಕೇಟಿಂಗ್ ಹೆಲ್ಮೆಟ್ ಆಗುತ್ತೆ. ಹಣೆ ಮುಚ್ಚಬೇಕು, ಗಲ್ಲದ ಪಟ್ಟಿ ಸಡಿಲ ಇರಬಾರದು.

ಬೀಳೋದು ಹೆಚ್ಚಾಗಿ ಆಟದಲ್ಲಲ್ಲ, ಐಸಿಗೆ ಹತ್ತುವಾಗ ಇಳಿಯುವಾಗ. ಬಲಗೈ ಮಕ್ಕಳಿಗೆ ಸ್ಲೈಡರ್ ಎಡಗಾಲಿಗೆ ಬರುತ್ತೆ. ಹತ್ತುವಾಗ ಹಿಡಿತ ಇರೋ ಕಾಲು ಮೊದಲು, ಇಳಿಯುವಾಗ ಸ್ಲೈಡರ್ ಕಾಲು ಮೊದಲು. ಅಂದ್ರೆ ಐಸ್ ಮೇಲೆ ಒಂದೇ ಕಾಲು ಇದ್ದಾಗ ಅದು ಹಿಡಿತದ ಕಾಲೇ ಆಗಿರಬೇಕು. ಹಿಂದಕ್ಕೆ ಹೆಜ್ಜೆ ಇಡಬಾರದು. ಹಿಂದೆ ನಿಂತಿರೋ ಕಲ್ಲು ತಾಗಿ ಅಂಗಾತ ಬಿದ್ದಾಗಲೇ ತಲೆಗೆ ಪೆಟ್ಟಾಗೋದು. ಜಾರಿ ಬರೋ ಕಲ್ಲನ್ನ ಕಾಲಲ್ಲಿ ನಿಲ್ಲಿಸೋಕೆ ಹೋಗಬಾರದು, ಪಕ್ಕಕ್ಕೆ ಸರಿಯಬೇಕು.

ಆಟ ಮುಗಿದ ಮೇಲೆ ಎರಡೂ ತಂಡ ಕೈಕುಲುಕಿ ಒಟ್ಟಿಗೆ ಕೂತು ಏನಾದ್ರೂ ಕುಡಿಯೋದು ಸಂಪ್ರದಾಯ. ಮಕ್ಕಳಿಗೆ ಹಾಟ್ ಚಾಕೊಲೆಟ್ ಸಿಗುತ್ತೆ. ಸಸ್ಯಾಹಾರಿಗಳಾದ್ರೆ ಮಾರ್ಶ್‌ಮ್ಯಾಲೊ ಬೇಡ ಅಂತ ಹೇಳೋಕೆ ಮಗಳಿಗೆ ಕಲಿಸಿ, ಅದರಲ್ಲಿ ಜೆಲಟಿನ್ ಇರುತ್ತೆ.

ವಿನ್ನಿಪೆಗ್ ಅಜ್ಜ
ಕಲ್ಲು ಎಲ್ಲಿಂದ ಬಂತು ಅನ್ನೋದನ್ನೂ ಬರೆಸಿ. ಸ್ಕಾಟ್ಲೆಂಡಿನ ಐಲ್ಸಾ ಕ್ರೇಗ್ ಅನ್ನೋ ಜನರಿಲ್ಲದ ದ್ವೀಪ, ಇಲ್ಲಾ ವೇಲ್ಸಿನ ಟ್ರೆವರ್. ಐಲ್ಸಾ ಕ್ರೇಗಿನ ಬ್ಲೂ ಹೋನ್ ಕಲ್ಲು ನೀರು ಹೀರೋದು ತೀರಾ ಕಡಿಮೆ, ಅದರಿಂದ ಓಡೋ ಬಳೆ ಹೆಪ್ಪುಗಟ್ಟಿ ಸಿಡಿಯಲ್ಲ. ಗ್ರಾನೈಟೆಲ್ಲ ಒಂದೇ ಅಲ್ಲ. ಇಳಕಲ್ಲು, ಚಾಮರಾಜನಗರದ ಕಲ್ಲು ನೋಡಿದ ನಮ್ಮವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ಬ್ರಾಡ್‌ವ್ಯೂ ರಾಯರು
ಎಲ್ಲಿ ಹುಡುಕೋದು ಅನ್ನೋ ಮೊದಲ ಪ್ರಶ್ನೆಗೆ ನಾನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಮೂರು ಕಡೆ ಸಾಕು. ಗೋಡ್ ಕಂಪನಿಯ ಅಗ್ನಿವಿಮೆ ನಕ್ಷೆಗಳು ಆನ್‌ಲೈನಲ್ಲಿ ಪುಕ್ಕಟೆ ಇವೆ. ಕೆಂಪು ಅಂದ್ರೆ ಇಟ್ಟಿಗೆ, ಹಳದಿ ಅಂದ್ರೆ ಮರ, ನೀಲಿ ಅಂದ್ರೆ ಕಲ್ಲು. 1890, 1910, 1924ರ ಹಾಳೆ ಪಕ್ಕ ಪಕ್ಕ ಇಟ್ಟು ನೋಡ್ಲಿ. ಮನೆ ನಂಬರ್ ನಂಬಬೇಡಿ, ಬದಲಾಗಿರಬಹುದು. ಅಡ್ಡರಸ್ತೆ ಹಿಡಿದು ಗುರುತಿಸಿ. ಎರಡನೆಯದು ಮೈಟ್ಸ್ ಡೈರೆಕ್ಟರಿ. ಬೀದಿಯ ಪ್ರಕಾರ ಯಾವ ಕಟ್ಟಡದಲ್ಲಿ ಯಾರಿದ್ರು ಅಂತ ವರ್ಷ ವರ್ಷ ಇದೆ, 'ಬೈಸಿಕಲ್' ಅನ್ನೋ ಪದ ಯಾವ ವರ್ಷ ಮಾಯವಾಗುತ್ತೆ ಅಂತ ಮಗು ತಾನೇ ಕಂಡುಹಿಡೀಬಹುದು. ಮೂರನೆಯದು ಸಿಟಿ ಆರ್ಕೈವ್ಸ್, ಸ್ಪಡೈನಾ ರಸ್ತೆ, ಪ್ರವೇಶಕ್ಕೆ ದುಡ್ಡಿಲ್ಲ. 1947ರಿಂದ ವಿಮಾನದಿಂದ ತೆಗೆದ ಊರಿನ ಫೋಟೋ ಅವರ ವೆಬ್‌ಸೈಟಲ್ಲೂ ಇವೆ. ಒಂದು ಐಸ್ ಪಟ್ಟಿ 150 ಅಡಿ ಉದ್ದ, 14ರಿಂದ 16 ಅಡಿ ಅಗಲ. ಮೇಲಿಂದ ಕಾಣೋ ಉದ್ದನೇ ಮಾಡನ್ನ ಸ್ಕೇಲಿನಲ್ಲಿ ಅಳೆದ್ರೆ ಒಳಗೆ ಎಷ್ಟು ಪಟ್ಟಿ ಹಿಡಿಸುತ್ತೆ ಅಂತ ಲೆಕ್ಕ ಸಿಗುತ್ತೆ. ನಾಲ್ಕನೇ ಗ್ರೇಡಿನ ಗಣಿತವೂ ಆಯ್ತು.

ಕೊನೆಗೆ ಕ್ಲಬ್ಬಿಗೆ ಹೋಗಿ ಗೋಡೆಯ ಗೌರವ ಫಲಕ ಕೇಳಿ ನೋಡಿ. ಇಂಥ ಹಳೇ ಕ್ಲಬ್ಬುಗಳ ಫಲಕದಲ್ಲಿ ಹೆಂಗಸರ ಹೆಸರು 'ಮಿಸೆಸ್' ಸೇರಿಸಿ ಗಂಡನ ಹೆಸರಲ್ಲೇ ಇರೋದುಂಟು. ಯಾವ ವರ್ಷದಿಂದ ಅವರ ಸ್ವಂತ ಹೆಸರು ಬರುತ್ತೆ ಅಂತ ಮಗಳು ಗುರುತು ಮಾಡ್ಕೊಳ್ಳಲಿ. ಫೋಟೋ ತೆಗೆಯೋ ಮುಂಚೆ ಅನುಮತಿ ಕೇಳಿ. ಆಟ ನಡೀವಾಗ ಗಾಜಿನ ಈಚೆ ನಿಂತೇ ನೋಡಿ, ಹೊರಗಿನ ಶೂ ಹಾಕ್ಕೊಂಡು ಐಸಿನ ಬಾಗಿಲು ದಾಟಬೇಡಿ.

ಧಾರವಾಡದಂವ (ಮಿಸಿಸಾಗಾ)
ಕನ್ನಡದ ಪುಟ ಬರೆದಾದ ಮ್ಯಾಲ ಇಲ್ಲೇ ಹಾಕ್ರಿ ಅಕ್ಕಾರ. ಒತ್ತಕ್ಷರ ನಾ ತಿದ್ದಿಕೊಡ್ತೀನಿ.